'300' ಚಿತ್ರ ಮತ್ತು ಥರ್ಮೋಪಿಲೆ ಕದನ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪಾರ್ಟಾದ ಮುನ್ನೂರು ಯೋಧರು ಪರ್ಷಿಯಾದ ಸೈನ್ಯವನ್ನು ಎದುರಿಸಿದ ಕಥೆ ಹೇಳುವ, 2007ರಲ್ಲಿ ತೆರೆಕಂಡ '300' ಚಿತ್ರವೇ ಪ್ರಾಚೀನ ಗ್ರೀಸಿನ ಬಗ್ಗೆ ಎಷ್ಟೋ ಜನರಿಗೆ ಸಿಕ್ಕ ಮೊದಲ ಪಾಠ. ಚಿತ್ರ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬರಿಮೈ ಯೋಧರು, ಘೇಂಡಾಮೃಗ, ಎಂಟಡಿ ಎತ್ತರದ ಚಕ್ರವರ್ತಿ, ಇವು ಯಾವುವೂ ನನಗೆ ದೊಡ್ಡ ತಕರಾರಲ್ಲ. ಆ ರಣರಂಗದಲ್ಲಿ ಸತ್ತವರಲ್ಲಿ ಯಾರನ್ನು ಚಿತ್ರ ಲೆಕ್ಕದಿಂದ ಕೈಬಿಟ್ಟಿತು ಎಂಬುದೇ ನನ್ನ ತಕರಾರು.

ಥರ್ಮೋಪಿಲೆ ಕದನ ನಿಜವಾಗಿ ನಡೆದದ್ದೇ?

ಹೌದು. ಕ್ರಿ.ಪೂ. 480ರಲ್ಲಿ ಪರ್ಷಿಯಾದ ಚಕ್ರವರ್ತಿ ಜರ್ಕ್ಸೀಸ್ ದೊಡ್ಡ ಸೈನ್ಯದೊಡನೆ ಉತ್ತರದಿಂದ ಗ್ರೀಸಿಗೆ ಇಳಿದು ಬಂದ. ಮಧ್ಯ ಗ್ರೀಸಿಗೆ ಹೋಗುವ ದಾರಿ ಥರ್ಮೋಪಿಲೆಯಲ್ಲಿ ಬೆಟ್ಟಕ್ಕೂ ಕಡಲಿಗೂ ನಡುವಿನ ಇಕ್ಕಟ್ಟಿನಲ್ಲಿ ಸಾಗುತ್ತಿತ್ತು. ಅಲ್ಲಿ ಹಲವು ಊರುಗಳ ಗ್ರೀಕ್ ಪಡೆ ಮೂರು ದಿನ ಅವನನ್ನು ತಡೆದು ನಿಲ್ಲಿಸಿತು. ಮೂರನೆಯ ದಿನ ಸ್ಪಾರ್ಟಾದ ರಾಜ ಲಿಯೊನಿಡಾಸ್ ಸತ್ತ. ಅದೇ ದಿನಗಳಲ್ಲಿ ಸಮೀಪದ ಆರ್ಟೆಮಿಸಿಯಮ್ ಬಳಿ ಗ್ರೀಕ್ ಹಡಗುಗಳು ಪರ್ಷಿಯಾದ ನೌಕಾಪಡೆಯನ್ನು ಎದುರಿಸುತ್ತಿದ್ದವು. ನೆಲದ ದಾರಿಯನ್ನೂ ಕಡಲ ದಾರಿಯನ್ನೂ ಒಟ್ಟಿಗೆ ಮುಚ್ಚುವ ಯೋಜನೆ ಅದು. ಚಿತ್ರದಲ್ಲಿ ಕಡಲ ಕಡೆಯ ಈ ಕದನವೇ ಇಲ್ಲ.

ನಮಗಿರುವ ಮುಖ್ಯ ಆಧಾರ ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ಕದನ ನಡೆದಾಗ ಅವನು ಇನ್ನೂ ಮಗು. ಬರೆದದ್ದು ದಶಕಗಳ ನಂತರ, ಊರೂರು ಸುತ್ತಿ, ಕಂಡವರನ್ನು ಕೇಳಿ. 1939ರಲ್ಲಿ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೋಸ್ ಅಲ್ಲಿನ ದಿಬ್ಬವೊಂದನ್ನು ಅಗೆದಾಗ ಬಾಣದ ಮೊನೆಗಳು ರಾಶಿಯಾಗಿ ಸಿಕ್ಕವು. ಕೊನೆಯ ಗ್ರೀಕರು ದಿಬ್ಬವೊಂದನ್ನು ಹತ್ತಿ ನಿಂತು ಬಾಣಗಳಿಗೆ ಬಲಿಯಾದರು ಎಂಬ ಹೆರೊಡೋಟಸನ ಮಾತಿಗೆ ಅದು ಹೊಂದುತ್ತದೆ.

ಚಿತ್ರ ತೋರಿಸುವ ಆಳವಾದ ಪ್ರಪಾತ ಮಾತ್ರ ಅಲ್ಲಿರಲಿಲ್ಲ. ದಾರಿ ಕಡಲ ಮಟ್ಟದಲ್ಲೇ ಇತ್ತು. ಈಗ ಹೋಗಿ ನೋಡಿದರೆ ಇಕ್ಕಟ್ಟೂ ಕಾಣುವುದಿಲ್ಲ, ಏಕೆಂದರೆ ಸ್ಪೆರ್ಖಿಯೋಸ್ ನದಿಯ ಹೂಳು ತುಂಬಿ ಕಡಲು ಕಿಲೋಮೀಟರ್‌ಗಟ್ಟಲೆ ಹಿಂದೆ ಸರಿದಿದೆ.

ಕಾದಾಡಿದವರು ಮುನ್ನೂರು ಮಂದಿಯೇ?

ಅಲ್ಲ. ಹೆರೊಡೋಟಸ್ ಊರುಗಳ ಪಟ್ಟಿಯನ್ನೇ ಕೊಡುತ್ತಾನೆ. ಸ್ಪಾರ್ಟಾದಿಂದ 300, ಟೆಜಿಯಾ ಮತ್ತು ಮಾಂಟಿನಿಯಾದಿಂದ ತಲಾ 500, ಕೊರಿಂಥ್‌ನಿಂದ 400, ಮೈಸಿನಿಯಿಂದ 80, ಥೆಸ್ಪಿಯಾದಿಂದ 700, ಥೀಬ್ಸ್‌ನಿಂದ 400, ಫೋಕಿಸ್‌ನಿಂದ 1,000, ಹೀಗೆ ಅದು ಮುಂದುವರಿಯುತ್ತದೆ. ಮೊದಲ ಎರಡು ದಿನ ಕಣಿವೆಯನ್ನು ಕಾದವರು ಒಟ್ಟು ಸುಮಾರು ಆರೇಳು ಸಾವಿರ ಮಂದಿ.

ಮೂರನೆಯ ದಿನ ಶತ್ರು ಬೆಟ್ಟದ ಹಾದಿಯಿಂದ ಬೆನ್ನ ಹಿಂದೆ ಬರುತ್ತಿದ್ದಾನೆ ಎಂದು ತಿಳಿದಾಗ ಹೆಚ್ಚಿನವರು ಹೊರಟುಹೋದರು. ಆಗ ಉಳಿದವರಲ್ಲಿ ಸ್ಪಾರ್ಟನ್ನರಿಗಿಂತ ಥೆಸ್ಪಿಯಾದವರೇ ಹೆಚ್ಚು. ಅವರ ನಾಯಕ ಡೆಮೊಫಿಲಸ್. ಸ್ಪಾರ್ಟನ್ನರನ್ನು ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದು ಆ 700 ಮಂದಿಯೂ ಅಲ್ಲೇ ನಿಂತು ಪ್ರಾಣ ಬಿಟ್ಟರು. ಥೆಸ್ಪಿಯಾ ಚಿಕ್ಕ ಊರು. ಅಷ್ಟು ಗಂಡಸರು ಒಂದೇ ದಿನ ಸತ್ತರೆ ಅಂಥ ಊರಿನಲ್ಲಿ ಉಳಿಯುವುದೇನು? ಕೆಲವೇ ದಿನಗಳಲ್ಲಿ ಜರ್ಕ್ಸೀಸನ ಸೈನ್ಯ ಆ ಊರನ್ನೇ ಸುಟ್ಟಿತು. ಮರುವರ್ಷ ಪರ್ಷಿಯನ್ನರ ವಿರುದ್ಧ ನಡೆದ ಪ್ಲಟೇಯಾದ ಕದನಕ್ಕೆ ಬದುಕುಳಿದ 1,800 ಥೆಸ್ಪಿಯನ್ನರು ಮತ್ತೆ ಬಂದರು, ಭಾರಿ ಆಯುಧ ಕವಚಗಳಿಲ್ಲದೆ.

ಚಿತ್ರದಲ್ಲಿ ಅರ್ಕೇಡಿಯಾದ ಕುಂಬಾರರು, ಕಮ್ಮಾರರು, ಶಿಲ್ಪಿಗಳು ಬರುತ್ತಾರೆ. ಸ್ಪಾರ್ಟನ್ನರ ಮುಂದೆ ಅವರು ಕಸುಬುದಾರರೇ ಹೊರತು ಯೋಧರಲ್ಲ ಎಂದು ತೋರಿಸುವುದಕ್ಕಾಗಿ ಬಂದು, ಕೊನೆಗೆ ಹೊರಟುಹೋಗುತ್ತಾರೆ. ಥೆಸ್ಪಿಯನ್ನರು ಇಲ್ಲವೇ ಇಲ್ಲ. ಜೀವನವಿಡೀ ಯುದ್ಧಕ್ಕಾಗಿಯೇ ತಯಾರಾದವನು ರಣರಂಗದಲ್ಲಿ ಸಾಯುವುದು ಒಂದು ಬಗೆ. ಹೊಲ, ಕಸುಬು ಬಿಟ್ಟು ಬಂದವನು ಹಿಂತಿರುಗುವ ದಾರಿ ತೆರೆದಿದ್ದರೂ ಉಳಿದು ಸಾಯುವುದು ಇನ್ನೊಂದು. ನನಗೆ ಎರಡನೆಯದೇ ಹೆಚ್ಚು ಕಲಕುವ ಕಥೆ. ಅದನ್ನು ಬಿಟ್ಟದ್ದು ಈ ಚಿತ್ರದ ಅತಿ ದೊಡ್ಡ ತಪ್ಪು. ಥರ್ಮೋಪಿಲೆಯಲ್ಲಿ ಲಿಯೊನಿಡಾಸನ ಸ್ಮಾರಕ ನಿಂತದ್ದು 1955ರಲ್ಲಿ. ಥೆಸ್ಪಿಯನ್ನರ ಸ್ಮಾರಕ 1997ರ ತನಕ ಕಾಯಬೇಕಾಯಿತು.

ಪರ್ಷಿಯಾದ ಸೈನ್ಯ ಹತ್ತು ಲಕ್ಷ ದಾಟಿತ್ತೇ?

ಈ ಉತ್ಪ್ರೇಕ್ಷೆಯ ಹೊಣೆ ಚಿತ್ರದ್ದಲ್ಲ, ಹೆರೊಡೋಟಸನದು. ಕಾಲಾಳುಗಳೇ 17 ಲಕ್ಷ, ಪರಿವಾರವೆಲ್ಲ ಸೇರಿದರೆ 52,83,220 ಎಂದು ಅವನು ಲೆಕ್ಕ ಹಾಕುತ್ತಾನೆ. ಅಷ್ಟು ಜನಕ್ಕೆ ಆ ದಾರಿಯಲ್ಲಿ ಕುಡಿಯುವ ನೀರೂ ಸಾಲುತ್ತಿರಲಿಲ್ಲ. ಇಂದಿನ ಇತಿಹಾಸಕಾರರ ಅಂದಾಜುಗಳು ಒಂದರಿಂದ ಮೂರು ಲಕ್ಷದ ಆಸುಪಾಸಿನಲ್ಲಿವೆ. ಏಳು ಸಾವಿರದ ಎದುರು ಒಂದು ಲಕ್ಷವೆಂದರೂ ಭಯ ಹುಟ್ಟಿಸಲು ಸಾಕು.

ಸ್ಪಾರ್ಟನ್ನರು ಬರಿಮೈಯಲ್ಲಿ ಯುದ್ಧ ಮಾಡುತ್ತಿದ್ದರೇ?

ಇಲ್ಲ. ಆ ಕಾಲದ ಗ್ರೀಕ್ ಕಾಲಾಳು ತಲೆಗೆ ಕಂಚಿನ ಶಿರಸ್ತ್ರಾಣ, ಎದೆಗೆ ಕಂಚಿನ ಅಥವಾ ಪದರ ಪದರವಾದ ನಾರುಬಟ್ಟೆಯ ಕವಚ, ಮೊಣಕಾಲಿನ ಕೆಳಗೆ ಕಂಚಿನ ಪಟ್ಟಿ ಧರಿಸುತ್ತಿದ್ದ. ಎಡಗೈಯಲ್ಲಿ ಸುಮಾರು 90 ಸೆಂಟಿಮೀಟರ್ ಅಗಲದ ದುಂಡು ಗುರಾಣಿ, ಬಲಗೈಯಲ್ಲಿ ಎರಡು ಮೀಟರಿಗೂ ಉದ್ದದ ಈಟಿ. ಬಾಣದ ಮಳೆ ಬೀಳುವಲ್ಲಿ ಚರ್ಮದ ಚಡ್ಡಿ ಮತ್ತು ಕೆಂಪು ನಿಲುವಂಗಿ ತೊಟ್ಟು ನಿಲ್ಲುವವನಿಗೆ ಬುದ್ಧಿ ಕೆಟ್ಟಿದೆ ಎಂದು ಅವರು ಹೇಳುತ್ತಿದ್ದರು.

ಹಾಗಿದ್ದರೂ ಈ ಆಯ್ಕೆಗೆ ಬೇರುಗಳಿವೆ. ಗ್ರೀಕರು ತಮ್ಮ ಹೂಜಿಗಳ ಮೇಲೆ, ಶಿಲ್ಪಗಳಲ್ಲಿ ವೀರರನ್ನು ಬೆತ್ತಲೆಯಾಗಿಯೇ ಚಿತ್ರಿಸಿದರು. ಕದನಕ್ಕೆ ಮುನ್ನ ಜರ್ಕ್ಸೀಸನ ಗೂಢಚಾರ ಇಣುಕಿ ನೋಡಿದಾಗ ಸ್ಪಾರ್ಟನ್ನರು ಅಂಗಸಾಧನೆ ಮಾಡುತ್ತ, ಉದ್ದ ಕೂದಲನ್ನು ಬಾಚಿಕೊಳ್ಳುತ್ತ ಕುಳಿತಿದ್ದರು ಎಂದು ಹೆರೊಡೋಟಸ್ ಬರೆದಿದ್ದಾನೆ. ಜರ್ಕ್ಸೀಸನಿಗೆ ಅದು ನಗೆಪಾಟಲಾಗಿ ಕಂಡಿತು. ಪ್ರಾಣ ಕೊಡಲು ಹೊರಟಾಗ ತಲೆ ಬಾಚಿಕೊಳ್ಳುವುದು ಅವರ ಪದ್ಧತಿ ಎಂದು ತಿಳಿಹೇಳಿದವನು ಡೆಮರಾಟಸ್, ಸ್ಪಾರ್ಟಾದಿಂದ ಹೊರಬಿದ್ದು ಪರ್ಷಿಯಾದಲ್ಲಿ ಆಶ್ರಯ ಪಡೆದಿದ್ದ ಮಾಜಿ ರಾಜ. ತಲೆ ಬಾಚಿಕೊಳ್ಳುವ ಆ ದೃಶ್ಯವನ್ನು ಚಿತ್ರ ಏಕೆ ಬಿಟ್ಟಿತೋ! ಅದಕ್ಕಿಂತ ಸಿನಿಮೀಯವಾದದ್ದು ಅಲ್ಲಿ ಇನ್ನೊಂದಿರಲಿಲ್ಲ.

ಕಾದಾಟದ ರೀತಿಯಲ್ಲಿ ಎಷ್ಟು ನಿಜ?

ಮೊದಲ ಘರ್ಷಣೆಯ ಒಂದೆರಡು ನಿಮಿಷ ಸಾಕಷ್ಟು ಸರಿಯಾಗಿದೆ: ಗುರಾಣಿಗೆ ಗುರಾಣಿ ತಾಗಿಸಿ ನಿಂತ ಸಾಲು, ಮೇಲಿನಿಂದ ಚುಚ್ಚುವ ಈಟಿಗಳು, ಇಡೀ ಪಡೆಯೇ ಒಂದು ಗೋಡೆಯಂತೆ ತಳ್ಳುವುದು. ಒಬ್ಬನ ಗುರಾಣಿ ಎಡಗಡೆಯವನನ್ನೂ ಕಾಯುತ್ತದೆ ಎಂಬ ಲಿಯೊನಿಡಾಸನ ಮಾತೂ ಸರಿ. ಆಮೇಲೆ ಚಿತ್ರ ಆ ಮಾತನ್ನೇ ಮರೆತು ಯೋಧರನ್ನು ಸಾಲಿನಿಂದ ಬಿಡಿಸಿ ಒಂಟಿಯಾಗಿ ಕುಣಿಯಲು ಬಿಡುತ್ತದೆ. ನಿಜವಾದ ಕದನದಲ್ಲಿ ಸಾಲು ಬಿಟ್ಟವನೂ ಉಳಿಯುತ್ತಿರಲಿಲ್ಲ, ಅವನ ಪಕ್ಕದವನೂ ಉಳಿಯುತ್ತಿರಲಿಲ್ಲ.

ನಿಧಾನವಾಗಿ ಸಾಗಿ ಥಟ್ಟನೆ ವೇಗ ಪಡೆಯುವ ಹೊಡೆತಗಳ ಮೂಲ ಫ್ರಾಂಕ್ ಮಿಲ್ಲರ್ 1998ರಲ್ಲಿ ರಚಿಸಿದ ಕಾಮಿಕ್ಸ್ ಪುಸ್ತಕದ ಪುಟಗಳಲ್ಲಿದೆ. ನಿರ್ದೇಶಕ ಝ್ಯಾಕ್ ಸ್ನೈಡರ್ ಆ ಪುಟಗಳ ಚೌಕಟ್ಟುಗಳನ್ನೇ ತೆರೆಗೆ ತರಲು ಹೊರಟರು. ಹಾಗಾಗಿ ಹೆಚ್ಚುಕಡಿಮೆ ಪೂರ್ತಿ ಚಿತ್ರೀಕರಣ ಕೆನಡಾದ ಮಾಂಟ್ರಿಯಲ್‌ನ ಒಳಾಂಗಣದಲ್ಲಿ, ನೀಲಿ ಪರದೆಯ ಮುಂದೆ ನಡೆಯಿತು. ಆಕಾಶ, ಬಂಡೆ, ಕಡಲು ಎಲ್ಲವೂ ನಂತರ ಗ್ರಾಫಿಕ್ಸ್‌ನಲ್ಲಿ ಬಂದವು. ಬೆಳಕು ನೆರಳಿನ ಅಂತರವನ್ನು ಹಿಗ್ಗಿಸಿ ಮೂಡಿಸಿದ ಆ ಕಂದು ಛಾಯೆಯೂ ಪುಸ್ತಕದ ಬಣ್ಣಗಳಿಂದಲೇ ಬಂದದ್ದು. ಕಲೆಯಾಗಿ ಅದು ಗೆದ್ದಿದೆ ಎಂದು ಒಪ್ಪುತ್ತೇನೆ.

ಇಷ್ಟೆಲ್ಲ ತಂತ್ರವಿದ್ದರೂ ಗ್ರೀಕರ ಒಂದು ಒಳ್ಳೆಯ ಉಪಾಯ ತೆರೆಯ ಮೇಲೆ ಬರಲಿಲ್ಲ. ಸ್ಪಾರ್ಟನ್ನರು ಹೆದರಿದವರಂತೆ ಬೆನ್ನು ತೋರಿಸಿ ಓಡಿ, ಶತ್ರು ಕೂಗುತ್ತ ಬೆನ್ನಟ್ಟಿದಾಗ ಒಮ್ಮೆಲೇ ತಿರುಗಿ ಬೀಳುತ್ತಿದ್ದರು ಎಂದು ಹೆರೊಡೋಟಸ್ ವಿವರಿಸುತ್ತಾನೆ. ಓಡುವ ನಟನೆ ಮಾಡಿ ಮತ್ತೆ ಕ್ಷಣಾರ್ಧದಲ್ಲಿ ಸಾಲು ಕಟ್ಟಲು ಎಷ್ಟು ಪಳಗಿರಬೇಕು!

ಜರ್ಕ್ಸೀಸ್, ಅವನ 'ಅಮರರ' ಪಡೆ, ಆನೆಗಳು?

ಪರ್ಸೆಪೊಲಿಸ್‌ನ ಉಬ್ಬುಶಿಲ್ಪಗಳಲ್ಲಿ ಪರ್ಷಿಯಾದ ಅರಸರು ಉದ್ದ ಗಡ್ಡ, ಮಡಿಕೆ ಮಡಿಕೆಯ ನಿಲುವಂಗಿ, ಕಿರೀಟದೊಡನೆ ಗಂಭೀರವಾಗಿ ಕುಳಿತಿದ್ದಾರೆ. ಬೋಳುತಲೆ, ಮೈತುಂಬ ಚುಚ್ಚಿದ ಬಳೆ, ಸರಪಳಿಗಳು ಪೂರ್ತಿ ಕಲ್ಪನೆ. 'ಅಮರರು' ಇದ್ದದ್ದು ನಿಜ. ಒಬ್ಬ ಸತ್ತರೆ ಅಥವಾ ಕಾಯಿಲೆ ಬಿದ್ದರೆ ತಕ್ಷಣ ಇನ್ನೊಬ್ಬನನ್ನು ಸೇರಿಸಿ ಸಂಖ್ಯೆಯನ್ನು 10,000ಕ್ಕೆ ಸರಿಯಾಗಿ ಇಡುತ್ತಿದ್ದರಿಂದ ಆ ಹೆಸರು ಬಂತು ಎನ್ನುತ್ತಾನೆ ಹೆರೊಡೋಟಸ್. ಪರ್ಷಿಯಾದ ರಾಜಧಾನಿ ಸೂಸಾದ ಅರಮನೆಯ ಬಣ್ಣದ ಇಟ್ಟಿಗೆಗಳಲ್ಲಿ ಮೂಡಿಸಿದ ಬಿಲ್ಲುಗಾರರು ಈಗ ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿದ್ದಾರೆ. ಹೂವಿನ ಚಿತ್ತಾರದ ಉದ್ದ ಅಂಗಿ, ಗುಂಗುರು ಗಡ್ಡ, ಶಾಂತ ಮುಖ. ಚಿತ್ರದ ಬೆಳ್ಳಿ ಮುಖವಾಡದ ವಿಕಾರ ರೂಪಗಳಿಗೂ ಇವರಿಗೂ ಸಂಬಂಧವಿಲ್ಲ.

ಆನೆಗಳಾಗಲಿ ಘೇಂಡಾಮೃಗವಾಗಲಿ ಈ ದಂಡಯಾತ್ರೆಯಲ್ಲಿ ಇದ್ದವೆಂದು ಹೆರೊಡೋಟಸ್ ಎಲ್ಲೂ ಹೇಳುವುದಿಲ್ಲ. ಅವನು ಹೇಳುವುದು ಒಂಟೆಗಳ ಬಗ್ಗೆ. ಭಾರತದವರು ಮಾತ್ರ ಇದ್ದರು. ಸಿಂಧೂ ನದಿಯ ಕಡೆಯ ಪ್ರಾಂತ್ಯ ಆಗ ಪರ್ಷಿಯಾದ ಅಧೀನದಲ್ಲಿತ್ತು. ಅಲ್ಲಿಂದ ಬಂದ ಯೋಧರು ಹತ್ತಿಯ ಬಟ್ಟೆ ತೊಟ್ಟು, ಬಿದಿರಿನಂಥ ಜೊಂಡಿನ ಬಿಲ್ಲು ಹಿಡಿದು, ಕಬ್ಬಿಣದ ಮೊನೆಯ ಬಾಣಗಳನ್ನು ತಂದಿದ್ದರು ಎಂಬ ವಿವರ ಅವನಲ್ಲಿದೆ. ಸಾವಿರಾರು ಮೈಲಿ ನಡೆದು ಗ್ರೀಸಿನ ಚಳಿಗೆ ಹತ್ತಿ ಬಟ್ಟೆಯಲ್ಲಿ ಬಂದ ಆ ಬಿಲ್ಲುಗಾರರು ತೆರೆಯ ಮೇಲೆ ಎಲ್ಲಾದರೂ ಒಂದು ಕ್ಷಣ ಕಾಣಿಸಿದ್ದರೆ ಎಂದು ಪ್ರತಿ ಸಲವೂ ಅನ್ನಿಸುತ್ತದೆ.

ವೇಷದ ಮಟ್ಟಿಗೆ ನನ್ನ ಅಭಿಪ್ರಾಯ ಇಷ್ಟು. ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬಂದಾಗ ರಾವಣ ನಿಜಕ್ಕೂ ಹೀಗೇ ಇದ್ದನೇ ಎಂದು ನಾವು ಕೇಳುವುದಿಲ್ಲ. ಚಿತ್ರದ ಜರ್ಕ್ಸೀಸ್ ಅಂಥ ಒಂದು ಬಣ್ಣದ ವೇಷ. ಆದರೆ ಯಕ್ಷಗಾನದ ರಾವಣನಿಗೆ ಅರ್ಥಗಾರಿಕೆ ಇರುತ್ತದೆ, ತನ್ನ ಪಕ್ಷವನ್ನು ವಾದಿಸುವ ಹಕ್ಕಿರುತ್ತದೆ. ಈ ಜರ್ಕ್ಸೀಸನಿಗೆ ಅದನ್ನು ಕೊಟ್ಟಿಲ್ಲ.

ದೂತರನ್ನು ಬಾವಿಗೆ ತಳ್ಳಿದ ದೃಶ್ಯ ನಿಜವೇ?

ಘಟನೆ ನಿಜ, ಕಾಲ ಬೇರೆ. ಮಣ್ಣು ಮತ್ತು ನೀರನ್ನು ಶರಣಾಗತಿಯ ಗುರುತಾಗಿ ಕೇಳಲು ಬಂದವರನ್ನು ಸ್ಪಾರ್ಟನ್ನರು ಬಾವಿಗೆ ತಳ್ಳಿ, ಬೇಕಾದದ್ದನ್ನು ಅಲ್ಲಿಂದಲೇ ತೆಗೆದುಕೊಳ್ಳಿ ಎಂದರಂತೆ. ಅದು ನಡೆದದ್ದು ಹಲವು ವರ್ಷ ಮೊದಲು, ಜರ್ಕ್ಸೀಸನ ತಂದೆ ದರಿಯಸ್‌ನ ಕಾಲದಲ್ಲಿ.

ಚಿತ್ರ ಹೇಳದೆ ಬಿಟ್ಟದ್ದು ಮುಂದಿನ ಭಾಗ. ದೂತರನ್ನು ಕೊಂದದ್ದು ಪಾಪವೆಂದು ಸ್ಪಾರ್ಟನ್ನರಿಗೇ ಕೊರಗು ಹತ್ತಿತು. ಅದಕ್ಕೆ ಪ್ರಾಯಶ್ಚಿತ್ತವಾಗಿ ಸ್ಪೆರ್ಥಿಯಾಸ್ ಮತ್ತು ಬೂಲಿಸ್ ಎಂಬ ಇಬ್ಬರು ತಮ್ಮ ಪ್ರಾಣವನ್ನೇ ಒಪ್ಪಿಸಲು ಸೂಸಾಕ್ಕೆ ಹೋದರು. ಜರ್ಕ್ಸೀಸ್ ಅವರನ್ನು ಕೊಲ್ಲಲಿಲ್ಲ. ಎಲ್ಲ ಜನರೂ ಮಾನ್ಯ ಮಾಡುವ ಕಟ್ಟಳೆಯನ್ನು ಸ್ಪಾರ್ಟನ್ನರು ಮುರಿದರು, ತಾನು ಅದನ್ನು ಮಾಡುವುದಿಲ್ಲ ಎಂದು ಹೇಳಿ ಕಳುಹಿಸಿಕೊಟ್ಟ. ಇದನ್ನು ಬರೆದವನು ಗ್ರೀಕನೇ. ಎರಡೂವರೆ ಸಾವಿರ ವರ್ಷದ ಹಿಂದಿನ ಲೇಖಕನಿಗೆ ಶತ್ರುವಿನ ದೊಡ್ಡತನವನ್ನು ದಾಖಲಿಸುವ ಮನಸ್ಸಿತ್ತು.

ಎಫಿಯಾಲ್ಟಿಸ್ ಗೂನುಬೆನ್ನಿನ ಸ್ಪಾರ್ಟನ್ನನೇ?

ಅವನು ಸ್ಪಾರ್ಟನ್ನನೇ ಅಲ್ಲ, ಅದೇ ಸೀಮೆಯ ಟ್ರಾಕಿಸ್‌ನವನು. ಬಹುಮಾನದ ಆಸೆಗೆ ಪರ್ಷಿಯನ್ನರಿಗೆ ಬೆಟ್ಟದ ಹಾದಿ ತೋರಿಸಿದ. ಅಂಗವಿಕಲನಾಗಿದ್ದ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ದೇಹ ವಿಕಾರವಾದರೆ ಮನಸ್ಸೂ ದ್ರೋಹಿ ಎಂಬಂತೆ ಚಿತ್ರಿಸಿದ್ದು ಕೆಟ್ಟ ಆಯ್ಕೆ, ಅದನ್ನು ಶೈಲಿ ಎಂದು ಸಮರ್ಥಿಸಲಾಗದು.

ಸ್ಪಾರ್ಟನ್ನರು ದುರ್ಬಲ ಶಿಶುಗಳನ್ನು ಎಸೆಯುತ್ತಿದ್ದರು ಎಂಬ, ಚಿತ್ರದಲ್ಲೂ ಬರುವ ಕಥೆ ಬಂದದ್ದು ಈ ಕದನದ ಐನೂರಕ್ಕೂ ಹೆಚ್ಚು ವರ್ಷಗಳ ನಂತರ ಬರೆದ ಪ್ಲುಟಾರ್ಕ್‌ನಿಂದ. ಅದೇ ಪ್ಲುಟಾರ್ಕ್ ಬರೆದ ಇನ್ನೊಂದು ಜೀವನಚರಿತ್ರೆಯ ನಾಯಕ, ಸ್ಪಾರ್ಟಾದ ಹೆಸರಾಂತ ರಾಜ ಅಜೆಸಿಲಾಸ್, ಒಂದು ಕಾಲು ಕುಂಟು.

ಬೆಟ್ಟದ ಮೇಲಿನ ಕೊಳೆತ ಮುಖದ ಎಫರ್‌ಗಳು ಯಾರು?

ಎಫರ್‌ಗಳು ವರ್ಷಕ್ಕೊಮ್ಮೆ ನಾಗರಿಕರು ಆರಿಸುತ್ತಿದ್ದ ಐದು ಮಂದಿ ಅಧಿಕಾರಿಗಳು. ಪೂಜಾರಿಗಳಲ್ಲ, ರೋಗಿಗಳೂ ಅಲ್ಲ. ಪೂರ್ಣ ಸೈನ್ಯ ಹೊರಡದಿರಲು ಹೆರೊಡೋಟಸ್ ಕೊಡುವ ಕಾರಣ ಕಾರ್ನಿಯಾ ಎಂಬ ಧಾರ್ಮಿಕ ಹಬ್ಬ. ಇತರ ಊರುಗಳವರಿಗೆ ಒಲಿಂಪಿಕ್ ಹಬ್ಬ ಅಡ್ಡಬಂತು.

ಪ್ರಸಿದ್ಧ ಸಂಭಾಷಣೆಗಳು ಚಿತ್ರದವರು ಬರೆದದ್ದೇ?

ಒಳ್ಳೆಯವೆಲ್ಲ ಹಳೆಯವೇ. ಬಾಣಗಳು ಸೂರ್ಯನನ್ನೇ ಮುಚ್ಚಿದರೆ ನೆರಳಿನಲ್ಲಿ ಕಾದೋಣ ಎಂದವನು ಡೈನೆಕಿಸ್ ಎಂಬ ಸ್ಪಾರ್ಟನ್, ಹೆರೊಡೋಟಸನ ಪ್ರಕಾರ. ಆಯುಧ ಬೇಕಿದ್ದರೆ ಬಂದು ತೆಗೆದುಕೊ ಎಂಬುದೂ, ಗುರಾಣಿಯೊಡನೆ ಬಾ ಇಲ್ಲವೇ ಅದರ ಮೇಲೆ ಬಾ ಎಂಬುದೂ ಪ್ಲುಟಾರ್ಕ್‌ನ ಹೆಸರಿನಲ್ಲಿ ಉಳಿದುಬಂದಿವೆ.

ಸ್ಪಾರ್ಟನ್ನರು ಸ್ವಾತಂತ್ರ್ಯಕ್ಕಾಗಿ ಹೋರಾಡಿದರು ಎನ್ನುವುದು ಸರಿಯೇ?

ಪರ್ಷಿಯಾದ ಅಧೀನಕ್ಕೆ ಬೀಳಬಾರದೆಂದು ಹೋರಾಡಿದರು ಎಂಬ ಅರ್ಥದಲ್ಲಿ ಸರಿ. ಆದರೆ ಸ್ಪಾರ್ಟಾ ನಿಂತಿದ್ದದ್ದು ಹೆಲಟ್‌ಗಳ ದುಡಿಮೆಯ ಮೇಲೆ. ಇವರು ಲಕೋನಿಯಾ ಮತ್ತು ಮೆಸೇನಿಯಾದ ಗ್ರೀಕ್ ಜನರೇ. ತಲೆಮಾರುಗಳಿಂದ ಸ್ಪಾರ್ಟನ್ನರ ಹೊಲಕ್ಕೆ ಕಟ್ಟಿಹಾಕಲ್ಪಟ್ಟು, ಬೆಳೆದದ್ದರಲ್ಲಿ ದೊಡ್ಡ ಪಾಲನ್ನು ಯಜಮಾನರಿಗೆ ಒಪ್ಪಿಸುತ್ತಿದ್ದರು. ಸ್ಪಾರ್ಟನ್ ಗಂಡಸು ದಿನವಿಡೀ ಕಸರತ್ತು ಮಾಡಲು ಸಾಧ್ಯವಾದದ್ದು ಅವನ ಹೊಲದಲ್ಲಿ ಬೇರೆಯವರು ಉಳುತ್ತಿದ್ದುದರಿಂದ. ಹೊಸ ಎಫರ್‌ಗಳು ಅಧಿಕಾರಕ್ಕೆ ಬಂದಾಗಲೆಲ್ಲ ಹೆಲಟ್‌ಗಳ ಮೇಲೆ ಯುದ್ಧ ಘೋಷಿಸುತ್ತಿದ್ದರು. ಹಾಗೆ ಮಾಡಿದರೆ ಅವರನ್ನು ಕೊಂದರೂ ದೋಷ ತಟ್ಟುವುದಿಲ್ಲ ಎಂಬುದು ಲೆಕ್ಕ. ಮುಂದೊಂದು ಯುದ್ಧದಲ್ಲಿ, ಒಳ್ಳೆಯ ಸೇವೆ ಸಲ್ಲಿಸಿದ ಸುಮಾರು 2,000 ಹೆಲಟ್‌ಗಳಿಗೆ ಬಿಡುಗಡೆಯ ಆಸೆ ತೋರಿಸಿ, ಹಾರ ಹಾಕಿ ಮೆರೆಸಿ, ಆಮೇಲೆ ಒಬ್ಬನೂ ಉಳಿಯದಂತೆ ಮಾಡಿದರು ಎಂದು ಗ್ರೀಕ್ ಇತಿಹಾಸಕಾರ ಥುಸಿಡಿಡಿಸ್ ಬರೆದಿದ್ದಾನೆ.

ಥರ್ಮೋಪಿಲೆಯಲ್ಲೂ ಹೆಲಟ್‌ಗಳು ಸತ್ತರು. ಕದನ ಮುಗಿದ ಮೇಲೆ ಜರ್ಕ್ಸೀಸ್ ತನ್ನ ನಾವಿಕರನ್ನು ಕರೆದು ಹೆಣಗಳನ್ನು ತೋರಿಸಿದ. ಬಿದ್ದವರೆಲ್ಲ ಸ್ಪಾರ್ಟಾ ಮತ್ತು ಥೆಸ್ಪಿಯಾದವರೇ ಎಂದು ನೋಡಿದವರು ಭಾವಿಸಿದರು, ಅವರ ನಡುವೆ ಹೆಲಟ್‌ಗಳೂ ಇದ್ದರು ಎನ್ನುತ್ತಾನೆ ಹೆರೊಡೋಟಸ್. ಎಷ್ಟು ಮಂದಿ ಎಂದು ಅವನೂ ಬರೆದಿಲ್ಲ. ಚಿತ್ರದ ಬಾಯಲ್ಲಿ ಸ್ವಾತಂತ್ರ್ಯ ಎಂಬ ಮಾತು ಎಷ್ಟು ಸಲ ಬರುತ್ತದೆಯೋ ಅಷ್ಟು ಸಲ ನನಗೆ ಈ ಸಾಲು ನೆನಪಾಗುತ್ತದೆ.

ರಾಣಿ ಗೋರ್ಗೊ ಇದ್ದಳೇ?

ಲಿಯೊನಿಡಾಸನ ಈ ಹೆಂಡತಿ ಇದ್ದಳು, ಮತ್ತು ಚಿತ್ರ ತೋರಿಸಿದ್ದಕ್ಕಿಂತ ಚುರುಕಾಗಿದ್ದಳು. ಸಭೆಯಲ್ಲಿನ ರಾಜಕೀಯ, ದ್ರೋಹಿ ಥೆರಾನ್ ಎಲ್ಲ ಕಟ್ಟಿದ ಕಥೆ. ಹೆರೊಡೋಟಸನ ಗೋರ್ಗೊ ಹೀಗಿದ್ದಾಳೆ: ಜರ್ಕ್ಸೀಸನ ದಂಡಯಾತ್ರೆಯ ಸುದ್ದಿಯನ್ನು ಡೆಮರಾಟಸ್ ಗುಟ್ಟಾಗಿ ತಿಳಿಸಬೇಕಿತ್ತು. ಆಗ ಬರೆಯುತ್ತಿದ್ದದ್ದು ಮೇಣ ಲೇಪಿಸಿದ ಹಲಗೆಯ ಮೇಲೆ. ಅವನು ಮೇಣವನ್ನು ಕೆರೆದು, ಮರದ ಮೇಲೆ ಬರೆದು, ಮತ್ತೆ ಮೇಣ ಬಳಿದು ಕಳುಹಿಸಿದ. ಖಾಲಿ ಹಲಗೆ ಕೈಗೆ ಬಂದಾಗ ಸ್ಪಾರ್ಟಾದ ಹಿರಿಯರಿಗೆ ತಲೆಬುಡ ತಿಳಿಯಲಿಲ್ಲ. ಮೇಣ ಕೆರೆದು ನೋಡಿ ಎಂದವಳು ಗೋರ್ಗೊ. ಗ್ರೀಸಿಗೆ ಸಿಕ್ಕ ಮುನ್ಸೂಚನೆಯನ್ನು ಓದಲು ಸಾಧ್ಯವಾದದ್ದು ಅವಳ ಬುದ್ಧಿಯಿಂದ.

ಇದು ಕಥೆಗಾರನೊಬ್ಬ ಸೈನಿಕರಿಗೆ ಹೇಳುವ ಕಥೆ, ಉತ್ಪ್ರೇಕ್ಷೆ ಸಹಜ ಎನ್ನುತ್ತಾರಲ್ಲ?

ಚಿತ್ರದ ಪರವಾಗಿ ಬರುವ ಅತಿ ಗಟ್ಟಿ ವಾದ ಇದು. ಒಂದು ಕಣ್ಣು ಕಳೆದುಕೊಂಡ ಡಿಲಿಯೋಸ್ ಪ್ಲಟೇಯಾದ ಕದನಕ್ಕೆ ಮುನ್ನ ತನ್ನವರನ್ನು ಹುರಿದುಂಬಿಸಲು ಈ ಕಥೆ ಹೇಳುತ್ತಾನೆ. ಶತ್ರು ರಾಕ್ಷಸನಾಗಿ, ತನ್ನವರು ದೇವತೆಗಳಾಗಿ ಕಾಣುವುದು ಆ ಸನ್ನಿವೇಶಕ್ಕೆ ತಕ್ಕದ್ದೇ. ಅರ್ಧ ಒಪ್ಪುತ್ತೇನೆ. ಆದರೆ ಪ್ಲಟೇಯಾದಲ್ಲಿ ಅವನ ಎದುರು ಕುಳಿತವರು ಸ್ಪಾರ್ಟನ್ನರು ಮಾತ್ರವಲ್ಲ. ಅದೇ ಪಾಳೆಯದಲ್ಲಿ ಬದುಕುಳಿದ ಥೆಸ್ಪಿಯನ್ನರೂ ಇದ್ದರು. ಅವರು ಕೇಳುತ್ತಿರುವಾಗ ಅವರ ಸತ್ತವರನ್ನು ಬಿಟ್ಟು ಕಥೆ ಹೇಳಲು ಯಾವ ಸೈನಿಕನಿಗೂ ಬಾಯಿ ಬರುತ್ತಿರಲಿಲ್ಲ.

ಅಸಲಿ ಡಿಲಿಯೋಸ್ ಆದ ಅರಿಸ್ಟೊಡೆಮಸ್‌ಗೆ ಸಿಕ್ಕಿದ್ದು ಸನ್ಮಾನವಲ್ಲ. ಅರಿಸ್ಟೊಡೆಮಸ್ ಮತ್ತು ಯೂರಿಟಸ್ ಎಂಬ ಇಬ್ಬರಿಗೆ ಕಣ್ಣುಬೇನೆ ಬಂದಿತ್ತು. ಯೂರಿಟಸ್ ತನ್ನ ಹೆಲಟ್‌ನ ಕೈ ಹಿಡಿದು ರಣರಂಗಕ್ಕೆ ಹೋಗಿ ಸತ್ತ. ಅರಿಸ್ಟೊಡೆಮಸ್ ಊರಿಗೆ ಮರಳಿದ. ಸ್ಪಾರ್ಟಾದಲ್ಲಿ ಅವನಿಗೆ ಬೆಂಕಿ ಕೊಡುವವರಿಲ್ಲ, ಮಾತನಾಡಿಸುವವರಿಲ್ಲ, 'ನಡುಗುವವನು' ಎಂಬ ಅಡ್ಡಹೆಸರು ಬೇರೆ. ಮರುವರ್ಷ ಪ್ಲಟೇಯಾದಲ್ಲಿ ಸಾಲು ಬಿಟ್ಟು ನುಗ್ಗಿ, ಎಲ್ಲರಿಗಿಂತ ಚೆನ್ನಾಗಿ ಕಾದು ಸತ್ತ. ಸಾಯಲೆಂದೇ ನುಗ್ಗಿದ ಎಂಬ ಕಾರಣಕ್ಕೆ ಸ್ಪಾರ್ಟಾ ಅವನಿಗೆ ಗೌರವ ಕೊಡಲಿಲ್ಲ.

ಇರಾನಿನಲ್ಲಿ ಏಕೆ ವಿರೋಧ ಬಂತು?

ತಮ್ಮ ಪೂರ್ವಜರನ್ನು ಮನುಷ್ಯರಂತೆ ತೋರಿಸಲಿಲ್ಲ ಎಂಬ ನೋವಿನಿಂದ. ಇರಾನ್ ಸರ್ಕಾರ 2007ರಲ್ಲಿ ಚಿತ್ರವನ್ನು ಬಹಿರಂಗವಾಗಿ ಖಂಡಿಸಿತು. ರಾಜಕೀಯ ಅದರಲ್ಲಿ ಬೆರೆತಿದ್ದರೂ ನೋವು ನ್ಯಾಯವಾದದ್ದು. ಪರ್ಸೆಪೊಲಿಸ್‌ನ ಮಣ್ಣಿನ ಫಲಕಗಳಲ್ಲಿ ಕೆಲಸಗಾರರಿಗೆ, ಹೆರಿಗೆಯಾದ ಹೆಂಗಸರಿಗೆ ಕೊಟ್ಟ ಧಾನ್ಯದ ಲೆಕ್ಕವೂ ಇದೆ. ಅಂಥ ಆಡಳಿತ ನಡೆಸಿದವರನ್ನು ಮುಖವಿಲ್ಲದ ಹಿಂಡಾಗಿ ತೋರಿಸಿದರೆ ಯಾರಿಗೂ ಸಿಟ್ಟು ಬರುತ್ತದೆ. ಜರ್ಕ್ಸೀಸನ ಕಡೆ ಕಾದವರಲ್ಲಿ ಗ್ರೀಕರೂ ಬಹಳ ಮಂದಿ ಇದ್ದರು ಎಂಬುದನ್ನೂ ಚಿತ್ರ ಹೇಳುವುದಿಲ್ಲ.

2014ರ ಮುಂದುವರಿದ ಭಾಗ ಇತಿಹಾಸಕ್ಕೆ ಹತ್ತಿರವೇ?

ಇನ್ನೂ ದೂರ. ಅದರಲ್ಲಿ ಮ್ಯಾರಥಾನ್ ಕದನದಲ್ಲಿ ಅಥೆನ್ಸಿನ ಥೆಮಿಸ್ಟೊಕ್ಲಿಸ್ ಬಿಟ್ಟ ಬಾಣ ದರಿಯಸ್‌ಗೆ ತಗಲುತ್ತದೆ. ದರಿಯಸ್ ಮ್ಯಾರಥಾನ್‌ಗೆ ಬಂದೇ ಇರಲಿಲ್ಲ. ಅಲ್ಲಿ ಸೈನ್ಯ ನಡೆಸಿದವರು ಡಾಟಿಸ್ ಮತ್ತು ಅರ್ಟಫರ್ನಿಸ್. ಅವನು ಸತ್ತದ್ದು ನಾಲ್ಕು ವರ್ಷ ಕಳೆದು, ಕ್ರಿ.ಪೂ. 486ರಲ್ಲಿ. ಆರ್ಟೆಮಿಸಿಯಾ ಹೆರೊಡೋಟಸನ ಹುಟ್ಟೂರು ಹಾಲಿಕರ್ನಾಸಸ್‌ನ ರಾಣಿ. ಐದು ಹಡಗುಗಳೊಡನೆ ಜರ್ಕ್ಸೀಸನ ಪರ ಬಂದಿದ್ದಳು. ಸಲಾಮಿಸ್‌ನ ಇಕ್ಕಟ್ಟಿನಲ್ಲಿ ಕಡಲ ಕದನ ಬೇಡ ಎಂದು ಚಕ್ರವರ್ತಿಗೆ ಎದುರು ನಿಂತು ಹೇಳಿದವಳು ಅವಳೊಬ್ಬಳೇ. ಚಿತ್ರದಲ್ಲಿ ಅವಳು ಸಲಾಮಿಸ್‌ನಲ್ಲಿ ಸಾಯುತ್ತಾಳೆ. ಹೆರೊಡೋಟಸ್ ಬರೆದಂತೆ ಅವಳು ಬದುಕಿದಳು, ಮತ್ತು ಸೋತ ಜರ್ಕ್ಸೀಸ್ ತನ್ನ ಮಕ್ಕಳನ್ನು ಎಫೆಸಸ್‌ಗೆ ಸುರಕ್ಷಿತವಾಗಿ ಮುಟ್ಟಿಸುವ ಹೊಣೆಯನ್ನು ಅವಳಿಗೇ ಒಪ್ಪಿಸಿದ.